ಉಪಗ್ರಹ ಚಿತ್ರದ ಆರ್ಡರ್ ತಾನಾಗಿಯೇ ಹೋಗುವಂತೆ ಮಾಡುವುದು ಹೇಗೆ?

“ತಿಂಗಳಿಗೊಮ್ಮೆ ನಮ್ಮ ಜಾಗದ ಹೊಸ ಉಪಗ್ರಹ ಚಿತ್ರ ಬೇಕು. ಈಗ ಪ್ರತಿ ಸಲ ಇಮೇಲ್ ಹಾಕಿ, ಕೊಟೇಶನ್ ತರಿಸಿ, ಒಪ್ಪಿಗೆ ಕೊಟ್ಟು ಕಾಯುತ್ತ ಕೂರುತ್ತೇವೆ. ಇದನ್ನು ಒಂದು ಸ್ಕ್ರಿಪ್ಟ್‌ಗೆ ವಹಿಸಬಹುದಾ?” ಕೆರೆ ಸಂಘದವರು, ಗಣಿ ಸಮೀಕ್ಷೆಯವರು, ಬೆಳೆ ಅಂದಾಜು ಮಾಡುವ ಸ್ಟಾರ್ಟಪ್‌ನವರು ಸುತ್ತಿಬಳಸಿ ಕೇಳುವುದು ಇದನ್ನೇ.

ಖಂಡಿತ ವಹಿಸಬಹುದು. ಸ್ಕ್ರಿಪ್ಟ್ ಎಂದರೆ ತಾನಾಗಿ ಓಡುವ ಸಣ್ಣ ಪ್ರೋಗ್ರಾಮ್. ಕೋಡ್ ಬರೆಯುವುದು ಇದರಲ್ಲಿ ಸಣ್ಣ ಕೆಲಸ. ಇಮೇಲ್ ಕಾಲದಲ್ಲಿ ಆ ಕಡೆ ಕೂತ ಮಾರಾಟ ಪ್ರತಿನಿಧಿ “ಮೋಡ ಎಷ್ಟಿದ್ದರೆ ನಡೆಯುತ್ತೆ ಸರ್? ಯಾವ ದಿನದೊಳಗೆ ಬೇಕು?” ಎಂದು ಕೇಳಿಕೊಳ್ಳುತ್ತಿದ್ದ. ಯಂತ್ರ ಕೇಳುವುದಿಲ್ಲ. ನೀವು ಬರೆಯದೆ ಬಿಟ್ಟ ಜಾಗದಲ್ಲಿ ತನ್ನ ಡೀಫಾಲ್ಟ್, ಅಂದರೆ ಮೊದಲೇ ಹೊಂದಿಸಿಟ್ಟ ಉತ್ತರ ತುಂಬಿಕೊಂಡು ದುಡ್ಡು ಕತ್ತರಿಸುತ್ತದೆ. ಹಾಗಾಗಿ ಈ ಲೇಖನದ ಹೆಚ್ಚಿನ ಪಾಲು ಷರತ್ತು ಬರೆಯುವುದರ ಬಗ್ಗೆಯೇ ಇದೆ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಇಟ್ಟುಕೊಳ್ಳೋಣ. ಸುಮಾರು 900 ಎಕರೆ, ಅಂದರೆ 3.6 ಚದರ ಕಿಲೋಮೀಟರ್.

ಮೊದಲು ಟಾಸ್ಕಿಂಗ್ ಎಂದರೇನು ಎಂಬುದು ಸ್ಪಷ್ಟವಿರಲಿ. “ಈ ಜಾಗವನ್ನು, ಈ ದಿನಗಳ ಒಳಗೆ, ಹೀಗೆ ತೆಗೆದುಕೊಡಿ” ಎಂದು ಉಪಗ್ರಹ ಕಂಪನಿಗೆ ಬೇಡಿಕೆ ಇಡುವುದು ಟಾಸ್ಕಿಂಗ್. ಸುಮಾರು 500 ಕಿ.ಮೀ. ಎತ್ತರದ ಉಪಗ್ರಹ 95 ನಿಮಿಷಕ್ಕೊಂದರಂತೆ ಭೂಮಿಯನ್ನು ಸುತ್ತುತ್ತದೆ. ನಿಮ್ಮ ಊರಿನ ಮೇಲೆ ಹಾಯುವ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಅಕ್ಕಪಕ್ಕದ ಹತ್ತಾರು ಗಿರಾಕಿಗಳ ಕೆಲಸವೂ ಇರುತ್ತದೆ. ಯಾರದನ್ನು ತೆಗೆಯಬೇಕೆಂದು ನೆಲದ ಮೇಲಿನ ಯೋಜನಾ ತಂತ್ರಾಂಶ ತೀರ್ಮಾನಿಸಿ, ಪಟ್ಟಿಯನ್ನು ಮೇಲಕ್ಕೆ ಕಳಿಸುತ್ತದೆ. ಆರ್ಡರ್ ಕೊಟ್ಟ ಮಾತ್ರಕ್ಕೆ ಚಿತ್ರ ಸಿಕ್ಕಂತಲ್ಲ. ರೈಲಿನ ವೇಟಿಂಗ್ ಲಿಸ್ಟ್ ಟಿಕೆಟ್ ಇದ್ದ ಹಾಗೆ. ಹೆಚ್ಚು ದುಡ್ಡಿನ ದರ್ಜೆ ಕೊಂಡರೆ ಪಟ್ಟಿಯಲ್ಲಿ ಮೇಲೇರುತ್ತೀರಿ, ಅಷ್ಟೆ.

ಬೇಕಾಗುವ ಸಾಮಾನು

ಟಾಸ್ಕಿಂಗ್ ಎಪಿಐ ಇರುವ ಒಂದು ಕಂಪನಿಯಲ್ಲಿ ಖಾತೆ ಬೇಕು. ಎಪಿಐ ಎಂದರೆ ವೆಬ್‌ಸೈಟಿನ ಗುಂಡಿ ಒತ್ತುವ ಬದಲು ನಿಮ್ಮ ಪ್ರೋಗ್ರಾಮ್ ನೇರವಾಗಿ ಅವರ ಸರ್ವರ್ ಜತೆ ಮಾತಾಡುವ ಬಾಗಿಲು. ಪ್ಲಾನೆಟ್, ಏರ್‌ಬಸ್, ಕಪೆಲ್ಲಾ, ಅಂಬ್ರಾ, ಐಸ್‌ಐ ಮುಂತಾದವರು ತಮ್ಮದೇ ಉಪಗ್ರಹಗಳ ಚಿತ್ರ ಮಾರುತ್ತಾರೆ. ಅಪ್42, ಸ್ಕೈವಾಚ್, ಸ್ಕೈಫೈ ಥರದವು ಹಲವು ಕಂಪನಿಗಳ ಚಿತ್ರವನ್ನು ಒಂದೇ ಕಡೆ ಕೊಡುವ ಮಾರುಕಟ್ಟೆಗಳು. ಬೆಂಗಳೂರಿನದೇ ಆದ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಫೈರ್‌ಫ್ಲೈ ಸರಣಿಯ ಮೊದಲ ಮೂರು ಉಪಗ್ರಹಗಳನ್ನು ಹಾರಿಸಿತು. ಇವು 5 ಮೀಟರ್ ವಿವರದಲ್ಲಿ (ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 5 ಮೀಟರ್), ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಒಡೆದು ನೋಡುವ ಹೈಪರ್‌ಸ್ಪೆಕ್ಟ್ರಲ್ ಜಾತಿಯವು. ನೀರಿನ ಗುಣಮಟ್ಟ ನಿಮ್ಮ ಕಾಳಜಿಯಾಗಿದ್ದರೆ ಇದನ್ನೂ ವಿಚಾರಿಸಿ.

ಉಳಿದಂತೆ, ಸದಾ ಆನ್ ಆಗಿರುವ ಒಂದು ಸಣ್ಣ ಸರ್ವರ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಥಮಿಕ ಪರಿಚಯ, ಒಂದು ಪುಟ್ಟ ಡೇಟಾಬೇಸ್ ಸಾಕು. ಎಕ್ಸೆಲ್ ಶೀಟ್‌ನಲ್ಲಿ ಆರ್ಡರ್ ಲೆಕ್ಕ ಇಡುತ್ತೇನೆ ಅನ್ನಬೇಡಿ. ಎರಡನೇ ತಿಂಗಳಿಗೇ ಅದು ಕೈಕೊಡುತ್ತದೆ.

ಹಂತ 1: ಆರ್ಡರ್ ನಿಜವಾಗಿ ಬೇಕೇ, ನೋಡಿ

ಯುರೋಪಿನ ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ 10 ಮೀಟರ್ ವಿವರದ ಚಿತ್ರ ಕೊಡುತ್ತದೆ, ಪುಕ್ಕಟೆ. ಲ್ಯಾಂಡ್‌ಸ್ಯಾಟ್ 8 ಮತ್ತು 9 ಸೇರಿ ಎಂಟು ದಿನಕ್ಕೊಮ್ಮೆ 30 ಮೀಟರ್‌ನದು, ಅದೂ ಪುಕ್ಕಟೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ರಾಡಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ಪಥಕ್ಕೆ ಬರುತ್ತದೆ. ಇವುಗಳಿಗೆಲ್ಲ ನೀವು ಆರ್ಡರ್ ಕೊಡುವ ಪ್ರಶ್ನೆಯೇ ಇಲ್ಲ. ನಿಗದಿತ ಯೋಜನೆಯಂತೆ ಚಿತ್ರ ತೆಗೆದು ಜಾಲತಾಣದಲ್ಲಿ ಇಟ್ಟಿರುತ್ತಾರೆ, ಇಳಿಸಿಕೊಳ್ಳಬೇಕು. ಕೆರೆಯಲ್ಲಿ ಕಳೆ ಎಷ್ಟು ಹಬ್ಬಿದೆ ಎಂಬುದಕ್ಕೆ 10 ಮೀಟರ್ ಧಾರಾಳ ಸಾಕು. ದಂಡೆಯಲ್ಲಿ ಮಣ್ಣು ಸುರಿದ ಲಾರಿ ಕಾಣಬೇಕೆಂದರೆ ಮಾತ್ರ ಅರ್ಧ ಮೀಟರ್‌ನ ಚಿತ್ರಕ್ಕೆ ಹೋಗಿ.

ಆಮೇಲೆ ಈಗಾಗಲೇ ತೆಗೆದ ಚಿತ್ರಗಳ ಸಂಗ್ರಹವನ್ನು ಹುಡುಕಿ. ಬೇರೆ ಯಾರೋ ಕಳೆದ ವಾರ ಅದೇ ಜಾಗವನ್ನು ತೆಗೆಸಿರಬಹುದು. ಸಂಗ್ರಹದ ಚಿತ್ರ ಹೊಸ ಆರ್ಡರ್‌ಗಿಂತ ಅಗ್ಗ. ಇಸ್ರೋದ ಚಿತ್ರಗಳಿಗೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ (ಎನ್‌ಆರ್‌ಎಸ್‌ಸಿ) ನಡೆಸುವ ಭೂನಿಧಿ ಪೋರ್ಟಲ್ ಇದೆ. ಖಾಸಗಿ ಕಂಪನಿಗಳಲ್ಲಿ ಬಹಳಷ್ಟು ‘ಸ್ಟ್ಯಾಕ್’ ಎಂಬ ಒಂದೇ ಮಾದರಿಯ ಕ್ಯಾಟಲಾಗ್ ಇಟ್ಟಿರುವುದರಿಂದ ಒಮ್ಮೆ ಬರೆದ ಹುಡುಕಾಟದ ಕೋಡ್ ಸಣ್ಣ ಬದಲಾವಣೆಯೊಂದಿಗೆ ಹಲವು ಕಡೆ ನಡೆಯುತ್ತದೆ. ನಿಮ್ಮ ಸ್ಕ್ರಿಪ್ಟ್‌ನ ಮೊದಲ ಕೆಲಸ ಯಾವಾಗಲೂ ಈ ಹುಡುಕಾಟವೇ ಆಗಿರಲಿ. ಸಿಕ್ಕರೆ ಅಲ್ಲಿಗೇ ನಿಲ್ಲಲಿ.

ನೆರೆ, ಭೂಕುಸಿತದಂಥ ತುರ್ತಿನ ಹೊತ್ತಿಗೆ ಬೇರೆಯೇ ದಾರಿ ಇದೆ. ಇಸ್ರೋ ಕೂಡ ಸದಸ್ಯನಾಗಿರುವ ಅಂತಾರಾಷ್ಟ್ರೀಯ ವಿಪತ್ತು ಒಪ್ಪಂದದಡಿ ಹಲವು ದೇಶಗಳ ಉಪಗ್ರಹಗಳು ಚಿತ್ರ ಒದಗಿಸುತ್ತವೆ. ಅದಕ್ಕೆ ಅಧಿಕೃತ ಸಂಸ್ಥೆಗಳ ಮೂಲಕವೇ ಕೋರಿಕೆ ಹೋಗಬೇಕು, ಖಾಸಗಿಯವರ ಸ್ಕ್ರಿಪ್ಟ್‌ನಿಂದಲ್ಲ.

ಹಂತ 2: ಜಾಗದ ಗಡಿ ಬರೆಯಿರಿ

ಜಾಗವನ್ನು ಜಿಯೋಜೇಸನ್ ಎಂಬ ಪಠ್ಯರೂಪದಲ್ಲಿ ಕೊಡಬೇಕು. ಗಡಿಯ ಮೂಲೆಗಳ ಅಕ್ಷಾಂಶ, ರೇಖಾಂಶಗಳ ಪಟ್ಟಿ ಅದು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಗಡಿ ಎಳೆದು ಉಳಿಸಿದರೆ ತಾನೇ ಬರುತ್ತದೆ. ಕೈಯಲ್ಲಿ ಬರೆಯುವವರು ಎಡವುವುದು ಒಂದೇ ಕಡೆ: ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು. ಬೆಂಗಳೂರು 77.59, 12.97. ಇದನ್ನು ತಿರುಗಿಸಿ 12.97, 77.59 ಎಂದು ಬರೆದರೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಪಶ್ಚಿಮ ಕರಾವಳಿಯ ಪಕ್ಕದ ಸಮುದ್ರ ಬರುತ್ತದೆ. ಎಪಿಐ ದೃಷ್ಟಿಯಲ್ಲಿ ಅದೂ ಸರಿಯಾದ ಜಾಗವೇ, ಒಪ್ಪಿಕೊಳ್ಳುತ್ತದೆ. ನಿಮ್ಮ ಕೆಲಸವೆಲ್ಲ ಕರ್ನಾಟಕದೊಳಗೆ ಎಂದಾದರೆ, ರೇಖಾಂಶ 74ರಿಂದ 79, ಅಕ್ಷಾಂಶ 11ರಿಂದ 19ರ ನಡುವೆ ಇಲ್ಲದ ಯಾವುದನ್ನೂ ಕಳಿಸಬೇಡ ಎಂದು ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬರೆದುಬಿಡಿ. ಗಡಿ ಮುಚ್ಚಿರಬೇಕು ಎಂಬುದೂ ನೆನಪಿರಲಿ: ಪಟ್ಟಿಯ ಕೊನೆಯ ಬಿಂದು ಮೊದಲಿನದೇ ಆಗಿರಬೇಕು.

ಎರಡನೇ ಸಮಸ್ಯೆ ಕನಿಷ್ಠ ವಿಸ್ತೀರ್ಣದ್ದು. ನಿಮ್ಮ ಕೆರೆ 3.6 ಚದರ ಕಿ.ಮೀ. ಇದ್ದರೂ ಕಂಪನಿಯ ಕನಿಷ್ಠ ಆರ್ಡರ್ 25 ಎಂದಿದ್ದರೆ 25ಕ್ಕೇ ದುಡ್ಡು. ಹೇಗೂ ಕೊಡುವುದೇ ತಾನೇ ಎಂದು ಕೆರೆಯನ್ನು ನಡುವೆ ಇಟ್ಟು 5 ಕಿ.ಮೀ. ಚೌಕ ಎಳೆದಿರೋ, ಉತ್ತರಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಒಳಗೆ ಬಂದು ಕೂರುತ್ತದೆ. ರಕ್ಷಣಾ ಜಾಗ ಸೇರಿದ ಆರ್ಡರ್ ಪರಿಶೀಲನೆಗೆ ಸಿಕ್ಕಿಕೊಂಡರೆ ನಿಮ್ಮ ಸ್ವಯಂಚಾಲಿತ ವ್ಯವಸ್ಥೆ ಅಲ್ಲೇ ನಿಂತಿತು. ಚೌಕವನ್ನು ದಕ್ಷಿಣಕ್ಕೆ ಸರಿಸಿ ಎಳೆಯಿರಿ; ಆ ಕಡೆಯ ರಾಜಕಾಲುವೆಗಳೂ ಸಿಗುತ್ತವೆ.

ಹಂತ 3: ಷರತ್ತುಗಳನ್ನು ಬರೆಯಿರಿ

ಇಲ್ಲಿ ನಿಧಾನ ಮಾಡಿ. ಒಂದು ಇಡೀ ಮಧ್ಯಾಹ್ನ ಕೊಟ್ಟರೂ ನಷ್ಟವಿಲ್ಲ.

ಕಾಲಾವಧಿ. ಎಪಿಐಗಳು ಸಾಮಾನ್ಯವಾಗಿ ಗ್ರೀನಿಚ್ ಆಧಾರಿತ ಯುಟಿಸಿ ಸಮಯದಲ್ಲಿ ವ್ಯವಹರಿಸುತ್ತವೆ. ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಬೆಳಿಗ್ಗೆ 10ರಿಂದ 12 ಎಂದು ಬರೆದು ಸಮಯವಲಯ ಸೂಚಿಸದಿದ್ದರೆ, ನಮ್ಮ ಗಡಿಯಾರದಲ್ಲಿ ಅದು ಮಧ್ಯಾಹ್ನ 3:30ರಿಂದ 5:30 ಆಗುತ್ತದೆ. ಬಹಳಷ್ಟು ಚಿತ್ರಗ್ರಾಹಕ ಉಪಗ್ರಹಗಳು ಸೂರ್ಯನಿಗೆ ಹೊಂದಿಕೊಂಡ ಕಕ್ಷೆಯಲ್ಲಿದ್ದು ಬೆಳಿಗ್ಗೆ ಹತ್ತೂವರೆ ಆಸುಪಾಸಿನಲ್ಲೇ ಹಾಯುವುದರಿಂದ, ಆ ತಪ್ಪು ಅವಧಿಯಲ್ಲಿ ಒಂದೂ ಅವಕಾಶ ಕಾಣಿಸದೆ ನೀವು ಕಂಪನಿಯನ್ನು ಬೈಯುತ್ತ ಕೂರುತ್ತೀರಿ. ‘ಆಗಸ್ಟ್ 31ರವರೆಗೆ’ ಎನ್ನುವಾಗ 31ರ ರಾತ್ರಿ 12 ಗಂಟೆಯೋ 31 ಶುರುವಾಗುವ ಹೊತ್ತೋ ಎಂಬುದನ್ನೂ ಗಂಟೆ ಸಮೇತ ಬರೆಯಿರಿ.

ಓರೆ ಕೋನ. ಉಪಗ್ರಹ ನೆತ್ತಿಯ ಮೇಲಿಂದ ನೇರ ಕೆಳಗೆ ನೋಡದೆ ಎಷ್ಟು ವಾಲಿ ನೋಡಬಹುದು ಎಂಬ ಮಿತಿ ಇದು. 10 ಡಿಗ್ರಿ ಎಂದು ಕಟ್ಟಿದರೆ, 500 ಕಿ.ಮೀ. ಎತ್ತರದ ಉಪಗ್ರಹ ನಿಮ್ಮ ಜಾಗದ ಅಕ್ಕಪಕ್ಕ ಸುಮಾರು 90 ಕಿ.ಮೀ. ಒಳಗೆ ಹಾದಾಗ ಮಾತ್ರ ಅವಕಾಶ. 30 ಡಿಗ್ರಿಗೆ ಸಡಿಲಿಸಿದರೆ ಅದು 290 ಕಿ.ಮೀ. ಆಸುಪಾಸಿಗೆ ಹಿಗ್ಗುತ್ತದೆ, ಅವಕಾಶಗಳೂ ಮೂರು ಪಟ್ಟಾಗುತ್ತವೆ. ಇದಕ್ಕೆ ತೆರುವ ಬೆಲೆ ವಿವರದಲ್ಲಿ: ನೇರ ನೋಟದಲ್ಲಿ 50 ಸೆಂ.ಮೀ. ಇದ್ದದ್ದು 30 ಡಿಗ್ರಿಯಲ್ಲಿ 60ರಿಂದ 70 ಸೆಂ.ಮೀ.ಗೆ ಇಳಿಯುತ್ತದೆ, ಎತ್ತರದ ಕಟ್ಟಡಗಳು ಮಗುಚಿ ಬಿದ್ದಂತೆ ಕಾಣುತ್ತವೆ. ಕೆರೆಗೆ ಕಟ್ಟಡದ ಓರೆಯ ತಕರಾರಿಲ್ಲ, 30 ಇಡಿ. ಕಿರಿದಾದ ಗಲ್ಲಿಗಳ ನಕ್ಷೆ ಮಾಡುವವರು 15–20ರೊಳಗೆ ಇರಿ. ನೀರಿನ ಚಿತ್ರಕ್ಕೆ ಇನ್ನೊಂದು ಕಾಟವಿದೆ: ಸೂರ್ಯ ನೆತ್ತಿಗೆ ಹತ್ತಿರವಿರುವ ತಿಂಗಳುಗಳಲ್ಲಿ ಬಿಸಿಲು ನೀರಿನಿಂದ ನೇರವಾಗಿ ಕ್ಯಾಮೆರಾಕ್ಕೆ ಪ್ರತಿಫಲಿಸಿ ಕೆರೆ ಬಿಳಿಚಿಕೊಳ್ಳುತ್ತದೆ. ತುಸು ವಾಲಿದ ನೋಟವೇ ಆಗ ವಾಸಿ.

ಮೋಡ. ‘ಗರಿಷ್ಠ 15 ಶೇಕಡ ಮೋಡ’ ಎಂಬುದು ಚಂದದ ಭರವಸೆ. ಲೆಕ್ಕ ಹಾಕಿ ನೋಡಿ. 25 ಚದರ ಕಿ.ಮೀ. ಚಿತ್ರದ 15 ಶೇಕಡ ಅಂದರೆ 3.75 ಚದರ ಕಿ.ಮೀ. ಬೆಳ್ಳಂದೂರು ಕೆರೆ 3.6. ಇಡೀ ಕೆರೆಯನ್ನು ಮೋಡ ಮುಚ್ಚಿ, ಸುತ್ತಲಿನ ಅಪಾರ್ಟ್‌ಮೆಂಟುಗಳೆಲ್ಲ ಥಳಥಳ ಹೊಳೆಯುತ್ತಿದ್ದರೂ ಆ ಚಿತ್ರ ಷರತ್ತಿನ ಪ್ರಕಾರ ಪಾಸು, ಬಿಲ್ಲೂ ನಿಮ್ಮದೇ. ಮೋಡದ ಶೇಕಡಾವಾರನ್ನು ಯಾವ ಗಡಿಯೊಳಗೆ ಅಳೆಯುತ್ತಾರೆ, ಪೂರ್ತಿ ಚಿತ್ರದಲ್ಲೋ ನೀವು ಕೊಟ್ಟ ಜಾಗದಲ್ಲೋ ಎಂದು ಖಾತೆ ತೆರೆಯುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಸಂವೇದಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯ ಮೇಲೆ ಸಾಮಾನ್ಯ ಕ್ಯಾಮೆರಾದ ಟಾಸ್ಕಿಂಗ್ ಕೊಡುವುದು ದುಡ್ಡು ಕಟ್ಟಿ ಜೂಜಾಡಿದಂತೆ ಎನ್ನುವುದು ನನ್ನ ಅಭಿಪ್ರಾಯ. ಆಗ ಸಾರ್ ಬಳಸಿ. ಇದು ತಾನೇ ರೇಡಿಯೊ ಅಲೆ ಕಳಿಸಿ ಮರುದನಿ ಹಿಡಿಯುವ ರಾಡಾರ್. ಮೋಡ, ಕತ್ತಲೆ ಅಡ್ಡಬರುವುದಿಲ್ಲ. ಸಮತಟ್ಟಾದ ತಿಳಿನೀರು ಅದರಲ್ಲಿ ಕಪ್ಪಾಗಿ, ಕಳೆ ತುಂಬಿದ ಭಾಗ ಬೆಳ್ಳಗೆ ಕಾಣುವುದರಿಂದ ಹರವು ಅಳೆಯಲು ಚೆನ್ನ. ನೀರಿನ ಬಣ್ಣ ಕೇಳಿದರೆ ಮಾತ್ರ ಅದರ ಬಳಿ ಉತ್ತರವಿಲ್ಲ. ಸ್ಕ್ರಿಪ್ಟ್‌ನಲ್ಲಿ ತಿಂಗಳ ಮೇಲೆ ನಿಂತ ಸ್ವಿಚ್ ಇಡಿ: ಮಳೆಗಾಲದಲ್ಲಿ ಸಾರ್, ಉಳಿದಂತೆ ಕ್ಯಾಮೆರಾ.

ಹಂತ 4: ಕೀಲಿ ಮತ್ತು ಕಾಗದಪತ್ರ

ಎಪಿಐ ಕೀಲಿ ಎಂದರೆ ನಿಮ್ಮ ಖಾತೆಯ ಪಾಸ್‌ವರ್ಡ್ ಇದ್ದಂತೆಯೇ, ಹಿಂದೆ ಕ್ರೆಡಿಟ್ ಕಾರ್ಡ್ ಇರುತ್ತದೆ. ಅದನ್ನು ಕೋಡ್‌ನೊಳಗೆ ಬರೆದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಏರಿಸಬೇಡಿ. ಸರ್ವರ್‌ನ ಪರಿಸರ ಚರಗಳಲ್ಲಿ (ಎನ್ವಿರಾನ್‌ಮೆಂಟ್ ವೇರಿಯಬಲ್), ಅಂದರೆ ಕೋಡ್‌ನಿಂದ ಹೊರಗಿನ ಸೆಟ್ಟಿಂಗ್‌ನಲ್ಲಿ ಇಡಿ. ಪರೀಕ್ಷಾ ಖಾತೆ ಇದ್ದರೆ ಮೊದಲು ಅದರಲ್ಲೇ ಎಲ್ಲ ಓಡಿಸಿ. ಭಾರತದೊಳಗಿನ ಜಾಗದ ಚಿತ್ರವನ್ನು ವಿದೇಶಿ ಕಂಪನಿಯಿಂದ ಕೊಳ್ಳುತ್ತಿದ್ದರೆ, ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್-ಸ್ಪೇಸ್‌ನ ನಿಯಮಗಳಡಿ ಬೇಕಾದ ಅನುಮತಿ ಅವರ ಬಳಿ ಇದೆಯೇ ಎಂದು ಕೇಳಿ ಉತ್ತರವನ್ನು ಕಡತದಲ್ಲಿಡಿ. ಪರವಾನಗಿಯಲ್ಲಿ ಚಿತ್ರವನ್ನು ಪ್ರಕಟಿಸಬಹುದೇ ಎಂಬ ಸಾಲನ್ನೂ ಓದಿ. ಕೆರೆ ಸಂಘದವರು ಚಿತ್ರವನ್ನು ಪತ್ರಿಕೆಗೆ ಕೊಟ್ಟು ಆಮೇಲೆ ಪೇಚಿಗೆ ಸಿಕ್ಕಬಾರದು.

ಹಂತ 5: ಅವಕಾಶ ಕೇಳಿ, ಆಮೇಲೆ ಆರ್ಡರ್ ಕೊಡಿ

ಹೆಚ್ಚಿನ ಎಪಿಐಗಳಲ್ಲಿ ಆರ್ಡರ್‌ಗೆ ಮುಂಚೆ ‘ಫೀಸಿಬಿಲಿಟಿ’ ವಿಚಾರಿಸುವ ಬಾಗಿಲಿದೆ. ಜಾಗ, ಅವಧಿ, ಕೋನ ಕೊಟ್ಟರೆ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಡಿಗ್ರಿ ಓರೆಯಲ್ಲಿ ತೆಗೆಯಬಹುದು ಎಂಬ ಪಟ್ಟಿ ಬರುತ್ತದೆ. ಈ ವಲಯಕ್ಕೆ ಒಂದೇ ಮಾದರಿ ಇರಲಿ ಎಂದು ‘ಸ್ಟಾಪಿ’ ಎಂಬ ಮುಕ್ತ ವಿನ್ಯಾಸವನ್ನೂ ರೂಪಿಸಲಾಗುತ್ತಿದೆ. ಅದರ ಬೆನ್ನೆಲುಬು ಮೂರೇ ಪದ: ಉತ್ಪನ್ನ, ಅವಕಾಶ, ಆರ್ಡರ್. ನಿಮ್ಮ ಕೋಡನ್ನೂ ಈ ಮೂರು ಭಾಗವಾಗಿ ಬರೆದರೆ ನಾಳೆ ಕಂಪನಿ ಬದಲಿಸಿದಾಗ ನಡುಭಾಗ ಹಾಗೇ ಉಳಿಯುತ್ತದೆ.

ಪಟ್ಟಿ ಖಾಲಿ ಬಂದರೆ ಆರ್ಡರ್ ಕಳಿಸಬೇಡಿ. ಸ್ಕ್ರಿಪ್ಟ್ ಕೋನವನ್ನು ಐದು ಡಿಗ್ರಿ ಸಡಿಲಿಸಿ ಇನ್ನೊಮ್ಮೆ ಕೇಳಲಿ. ಆಗಲೂ ಇಲ್ಲದಿದ್ದರೆ ನಿಮಗೆ ಇಮೇಲ್ ಹಾಕಲಿ. ಷರತ್ತುಗಳನ್ನು ಯಂತ್ರ ಎಲ್ಲಿಯವರೆಗೆ ಸಡಿಲಿಸಬಹುದು ಎಂಬ ಎಲ್ಲೆಯನ್ನು ನೀವೇ ಬರೆದಿಡಬೇಕು. ಇನ್ನೊಂದು ಮಾತು: ಈ ಪಟ್ಟಿ ಕಕ್ಷೆಯ ಲೆಕ್ಕದಿಂದ ಬರುವುದು. ಆ ದಿನ ಮೋಡ ಇರುತ್ತದೋ ಇಲ್ಲವೋ, ನಿಮಗಿಂತ ಹೆಚ್ಚು ದುಡ್ಡು ಕೊಟ್ಟವರು ಎದುರಾಗುತ್ತಾರೋ ಎಂಬುದನ್ನು ಅದು ಸಾಮಾನ್ಯವಾಗಿ ಹೇಳುವುದಿಲ್ಲ.

ಹಂತ 6: ಆರ್ಡರ್ ಕಳಿಸುವುದು

ತಾಂತ್ರಿಕವಾಗಿ ಇದು ಒಂದೇ ಸಾಲಿನ ಕೆಲಸ. ಅನಾಹುತವಾಗುವುದೂ ಇದೇ ಸಾಲಿನಲ್ಲಿ. ನಡೆಯುವುದು ಹೀಗೆ: ಸ್ಕ್ರಿಪ್ಟ್ ಆರ್ಡರ್ ಕಳಿಸುತ್ತದೆ. ಆ ಕಡೆಯ ಸರ್ವರ್ ಅದನ್ನು ದಾಖಲಿಸಿ ‘ಸಿಕ್ಕಿತು’ ಎಂದು ಉತ್ತರಿಸುತ್ತದೆ. ನೆಟ್‌ವರ್ಕ್ ಕೈಕೊಟ್ಟು ಆ ಉತ್ತರ ನಿಮಗೆ ತಲುಪುವುದಿಲ್ಲ. 30 ಸೆಕೆಂಡ್ ಕಾದ ಸ್ಕ್ರಿಪ್ಟ್, ಹೋಗಲಿಲ್ಲವೆಂದು ತಿಳಿದು ಮತ್ತೆ ಕಳಿಸುತ್ತದೆ. ಈಗ ಎರಡು ಆರ್ಡರ್, ಒಂದೇ ಕೆರೆಯ ಎರಡು ಚಿತ್ರ, ಎರಡು ಬಿಲ್.

ಇದಕ್ಕೆ ಮದ್ದು: ಕಳಿಸುವ ಮೊದಲೇ ನಿಮ್ಮ ಡೇಟಾಬೇಸ್‌ನಲ್ಲಿ ‘ಬೆಳ್ಳಂದೂರು-2026-03’ ಥರದ ಒಂದು ಗುರುತು ಬರೆದು, ಅದನ್ನೇ ಆರ್ಡರ್‌ನ ಹೆಸರಾಗಿ ಕಳಿಸಿ. ಒಂದೇ ಗುರುತು ಎರಡು ಸಲ ಬಂದರೆ ಎರಡನೆಯದನ್ನು ಕಡೆಗಣಿಸುವ ಸೌಲಭ್ಯ ಎಪಿಐಯಲ್ಲಿದ್ದರೆ ಅದನ್ನೂ ಬಳಸಿ. ಇಲ್ಲದಿದ್ದರೆ, ಉತ್ತರ ಬಾರದಾಗ ಸ್ಕ್ರಿಪ್ಟ್ ಮೊದಲು ಆ ಹೆಸರಿನ ಆರ್ಡರ್ ಈಗಾಗಲೇ ಇದೆಯೇ ಎಂದು ಹುಡುಕಬೇಕು, ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮತ್ತೆ ಕಳಿಸಬೇಕು. ಸರ್ವರ್‌ನಿಂದ 400ರ ಸರಣಿಯ ತಪ್ಪು ಸಂಖ್ಯೆ ಬಂದರೆ ತಪ್ಪು ನಿಮ್ಮ ಕಡೆಯದು, ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. 429 ಮಾತ್ರ ಹೊರತು. ಅದು ‘ತುಂಬ ಬೇಗ ಬೇಗ ಕೇಳುತ್ತಿದ್ದೀಯ, ತಾಳು’ ಎಂದು. ಅದಕ್ಕೂ 500ರ ಸರಣಿಗೂ ಕಾಯುವ ಹೊತ್ತನ್ನು ಪ್ರತಿ ಸಲ ದುಪ್ಪಟ್ಟು ಮಾಡುತ್ತ ಹೋಗಿ. 500ರ ಸರಣಿ ಬಂದಾಗಲೂ ಆರ್ಡರ್ ದಾಖಲಾಗಿಬಿಟ್ಟಿದೆಯೇ ಎಂದು ಹೆಸರಿನಿಂದ ಹುಡುಕಿಯೇ ಮರುಕಳಿಸಿ.

ಖರ್ಚಿಗೆ ಮೂಗುದಾರ ಹಾಕುವ ಸಾಲುಗಳೂ ಇಲ್ಲೇ ಇರಲಿ. ಒಂದು ಆರ್ಡರ್‌ಗೆ ಇಂತಿಷ್ಟು, ತಿಂಗಳಿಗೆ ಒಟ್ಟು ಇಂತಿಷ್ಟು. ಮೀರಿದರೆ ಮನುಷ್ಯರೊಬ್ಬರು ಒಪ್ಪಬೇಕು. ಈ ಲೆಕ್ಕ ನಿಮ್ಮ ಡೇಟಾಬೇಸ್‌ನಲ್ಲೇ ಇರಲಿ. ಕಂಪನಿಯ ಬಿಲ್ಲಿಂಗ್ ಪುಟ ತಡವಾಗಿ ನವೀಕರಣವಾದರೆ ಅಷ್ಟರಲ್ಲಿ ಇನ್ನೆರಡು ಆರ್ಡರ್ ಹೋಗಿರುತ್ತವೆ.

ಹಂತ 7: ಬೆನ್ನು ಹತ್ತುವುದು

ಆರ್ಡರ್‌ನ ಸ್ಥಿತಿಗೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ನಿಮ್ಮ ಕಡೆ ಸ್ವೀಕೃತ, ಒಪ್ಪಿದೆ, ತೆಗೆದಿದೆ, ಕೈಸೇರಿದೆ, ತಿರಸ್ಕೃತ, ರದ್ದು ಎಂಬ ಆರಕ್ಕೆ ಎಲ್ಲವನ್ನೂ ಹೊಂದಿಸಿಕೊಳ್ಳಿ. ‘ಒಪ್ಪಿದೆ’ ಬಂದ ಕೂಡಲೇ ಮೇಲಧಿಕಾರಿಗೆ ‘ಚಿತ್ರ ಬರುತ್ತಿದೆ’ ಎಂದು ಸಂದೇಶ ಹಾಕುವ ಉತ್ಸಾಹ ಬೇಡ. ತೆಗೆದ ಮೇಲೂ ಮೋಡದ ಕಾರಣಕ್ಕೆ ಅವರೇ ತಳ್ಳಿಹಾಕಿ, ಅವಧಿಯೊಳಗೆ ಮತ್ತೆ ಪ್ರಯತ್ನಿಸಬಹುದು.

ಸ್ಥಿತಿ ಬದಲಾದಾಗ ಅವರ ಸರ್ವರ್ ತಾನೇ ನಿಮ್ಮ ಸರ್ವರ್‌ಗೆ ತಿಳಿಸುವ ಏರ್ಪಾಟಿಗೆ ವೆಬ್‌ಹುಕ್ ಎನ್ನುತ್ತಾರೆ. ಬಂದ ಸಂದೇಶ ನಿಜವಾಗಿ ಅವರದೇ ಎಂದು ಅದರ ಜತೆಗಿನ ಡಿಜಿಟಲ್ ಸಹಿಯಿಂದ ಖಾತ್ರಿ ಮಾಡಿಕೊಳ್ಳಿ; ಒಂದೇ ಸಂದೇಶ ಎರಡು ಸಲ ಬಂದರೆ ಕೆಲಸ ಎರಡು ಸಲ ನಡೆಯದಂತೆ ನೋಡಿಕೊಳ್ಳಿ. ನಿಮ್ಮ ಸರ್ವರ್ ಮಲಗಿದ್ದ ಹೊತ್ತಿಗೆ ಬಂದ ಸಂದೇಶ ಕಳೆದೇಹೋಗಬಹುದು, ಹಾಗಾಗಿ ದಿನಕ್ಕೊಮ್ಮೆ ತೆರೆದ ಆರ್ಡರ್‌ಗಳನ್ನೆಲ್ಲ ನೀವೇ ಕೇಳಿ ತಿಳಿಯುವ ಕೋಡೂ ಇರಲಿ. ನಿಮಿಷಕ್ಕೊಮ್ಮೆ ಕೇಳುವುದು ಬೇಡ. ಉಪಗ್ರಹವೇ ದಿನಕ್ಕೊಮ್ಮೆ ಬಂದರೆ ಹೆಚ್ಚು.

ಹಂತ 8: ಬಂದ ಚಿತ್ರದ ತಪಾಸಣೆ

ಇಳಿಸುವ ಕೊಂಡಿಗಳಿಗೆ ಆಯುಸ್ಸು ಕಡಿಮೆ. ಬಂದ ತಕ್ಷಣ ಇಳಿಸಿ ನಿಮ್ಮ ಸಂಗ್ರಹಕ್ಕೆ ಹಾಕಿ. ಆಮೇಲೆ ಸ್ಕ್ರಿಪ್ಟ್ ಮೂರು ಸಂಗತಿ ನೋಡಲಿ: ಕೆರೆಯ ಗಡಿ ಪೂರ್ತಿ ಒಳಗಿದೆಯೇ, ತೆಗೆದ ಸಮಯ ಮತ್ತು ಕೋನ ನೀವು ಕೇಳಿದ ಮಿತಿಯಲ್ಲಿವೆಯೇ, ಕೆರೆಯ ಗಡಿಯೊಳಗೆ ಮಾತ್ರ ಮೋಡ ಎಷ್ಟಿದೆ. ಮೂರನೆಯದಕ್ಕೆ ಚಿತ್ರದ ಜತೆ ಬರುವ ಮೋಡದ ಮುಖವಾಡ ಕಡತ, ಅಂದರೆ ಯಾವ ಚುಕ್ಕೆ ಮೋಡ, ಯಾವುದು ಮೋಡವಿಲ್ಲದ್ದು ಎಂದು ಗುರುತಿಸಿದ ಪದರವನ್ನು ಕೆರೆಯ ಗಡಿಗೆ ಕತ್ತರಿಸಿ ಎಣಿಸಬೇಕು. ಬಿಳಿ ನೊರೆಯನ್ನು ಮೋಡವೆಂದು ಆ ಪದರ ತಪ್ಪು ತಿಳಿಯುವ ಸಾಧ್ಯತೆ ಇರುವುದರಿಂದ ಬೆಳ್ಳಂದೂರಿನಂಥ ಕೆರೆಯಲ್ಲಿ ಪಾಸೋ ಫೇಲೋ ಎಂಬ ಅನುಮಾನದ ಚಿತ್ರಗಳನ್ನು ಕಣ್ಣಿಂದಲೂ ನೋಡಿ. ತಕರಾರಿದ್ದರೆ ಎಷ್ಟು ದಿನದೊಳಗೆ ಹೇಳಬೇಕೆಂಬುದು ಒಪ್ಪಂದದಲ್ಲಿರುತ್ತದೆ. ಆ ಗಡುವು ದಾಟುವ ಮುನ್ನ ಎಚ್ಚರಿಸುವ ಅಲಾರಂ ಇಟ್ಟುಕೊಳ್ಳಿ.

ಹಂತ 9: ತಿಂಗಳು ತಿಂಗಳು ಓಡಿಸುವುದು

ನಿಗದಿತ ಹೊತ್ತಿಗೆ ಪ್ರೋಗ್ರಾಮ್ ಓಡಿಸುವ ಲಿನಕ್ಸ್‌ನ ಕ್ರಾನ್ ಸಾಕು, ದೊಡ್ಡ ವ್ಯವಸ್ಥೆ ಬೇಡ. ಆದರೆ ‘ಪ್ರತಿ 1ನೇ ತಾರೀಕು ಹೊಸ ಆರ್ಡರ್’ ಎಂದು ಬರೆಯಬೇಡಿ. ಕಳೆದ ತಿಂಗಳ ಆರ್ಡರ್ ಇನ್ನೂ ಮೋಡ ಸರಿಯಲೆಂದು ಕಾಯುತ್ತಿರಬಹುದು, ಆಗ ಎರಡೂ ಒಂದೇ ವಾರ ಈಡೇರಿ ಮುಂದಿನ ಮೂರು ವಾರ ಖಾಲಿ. ಸ್ಕ್ರಿಪ್ಟ್ ದಿನವೂ ಎದ್ದು ಎರಡು ಪ್ರಶ್ನೆ ಕೇಳಿಕೊಳ್ಳಲಿ: ಕೊನೆಯ ಒಳ್ಳೆಯ ಚಿತ್ರ ಬಂದು 25 ದಿನ ದಾಟಿತೇ? ತೆರೆದ ಆರ್ಡರ್ ಯಾವುದೂ ಇಲ್ಲವೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಹಂತ 1ಕ್ಕೆ ಹೋಗಲಿ.

ರದ್ದತಿಯ ನಿಯಮವನ್ನೂ ಕೋಡ್‌ಗೆ ತನ್ನಿ. ಯೋಜನಾ ಪಟ್ಟಿ ಉಪಗ್ರಹಕ್ಕೆ ಹೋದ ಮೇಲೆ ರದ್ದು ಮಾಡಿದರೂ ಪೂರ್ತಿ ದುಡ್ಡು ಹಿಡಿಯುವ ಕಂಪನಿಗಳಿವೆ. ಪುಕ್ಕಟೆ ಸೆಂಟಿನೆಲ್ ಚಿತ್ರದಲ್ಲೇ ಕೆಲಸ ಮುಗಿಯಿತೆಂದು ಕಂಡರೆ ಆ ಗಡುವಿನೊಳಗೆ ಸ್ಕ್ರಿಪ್ಟ್ ತಾನೇ ಆರ್ಡರ್ ಹಿಂಪಡೆಯುವಂತಿರಲಿ.

ಯೋಜನೆಗೆ ಮುಕ್ತಾಯದ ದಿನಾಂಕವನ್ನು ಸೆಟ್ಟಿಂಗ್ಸ್ ಕಡತದಲ್ಲಿ ಕಡ್ಡಾಯವಾಗಿ ಬರೆಯಿರಿ, ಅದಿಲ್ಲದಿದ್ದರೆ ಸ್ಕ್ರಿಪ್ಟ್ ಶುರುವೇ ಆಗಬಾರದು. ಅನುದಾನ ಮುಗಿದು, ಕೋಡ್ ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಕ್ರಾನ್ ಮಾತ್ರ ಪ್ರತಿ ಬೆಳಿಗ್ಗೆ ಏಳುತ್ತಲೇ ಇರುತ್ತದೆ.